ಮೂರನೇ ನಂಬರಿನ ಮಂಗಳವಾರ

ತನ್ನ ಮಂಗಳವಾರವನ್ನು ಹಾಡಹಗಲೇ ಕದ್ದರೆಂದು ಊರ್ಸ್ ಗೀಗಾಕ್ಸ್ ಇವತ್ತಿಗೂ ಹಲ್ಲು ಕಡಿಯುತ್ತಾನೆ. ಸೈಕಲ್ ಕದ್ದಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಮಂಗಳವಾರ ಕಳುವಾದರೆ ಯಾವ ಠಾಣೆಗೆ ಹೋಗುವುದು?

ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದಲ್ಲಿ ಅವನಿರುವ ಕಟ್ಟಡದಲ್ಲಿ ಆರು ಸಂಸಾರ, ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಒಂದೇ. ಮನೆಗೊಂದರಂತೆ ವಾರಕ್ಕೆ ಒಂದು ದಿನ. ಅಲ್ಲಿನ ಜನ ಗಂಡನನ್ನು ಬಿಟ್ಟುಕೊಟ್ಟಾರು, ಒಗೆಯುವ ದಿನವನ್ನು ಬಿಟ್ಟುಕೊಡರು. ಭಾನುವಾರ ಯಂತ್ರಕ್ಕೂ ರಜೆ. ಅಂದು ಅದರ ಗುಂಡಿ ಒತ್ತಿದವನು ಕೊಲೆಗಾರನಿಗಿಂತ ಒಂದೇ ಒಂದು ಮೆಟ್ಟಿಲು ಮೇಲೆ.

ಮಾಲೀಕರು ಅಂಟಿಸಿದ್ದ ಪಟ್ಟಿಯಲ್ಲಿ ದಿನಗಳ ಹೆಸರು ಜರ್ಮನ್‌ನಲ್ಲಿದ್ದವು, ಅದೂ ಮೊಟಕುಗೊಳಿಸಿ: ಮೊ, ದಿ, ಮಿ. ಆ ವರ್ಷ ಮೇಲಿನ ಮನೆಗೆ ಮದಾಂ ಜೋಸೆಟ್ ಪೆರ್ನೂ ಎಂಬ ಎಪ್ಪತ್ತೊಂದರ ವಿಧವೆ ಬಂದರು. ಅವರದು ಫ್ರೆಂಚ್ ಮಾತು. ತಮ್ಮ ಹೆಸರಿನ ಎದುರು ‘ದಿ’ ಕಂಡರು. ಜರ್ಮನ್ ಮಾತಿನವರಿಗೆ ಅದು ಮಂಗಳವಾರ, ಫ್ರೆಂಚ್ ಮಾತಿನವರಿಗೆ ಭಾನುವಾರ. ಸರಿ, ಚರ್ಚಿನ ಗಂಟೆಯ ಜೊತೆಗೇ ನೆಲಮಾಳಿಗೆಯೂ ಗುಡುಗಿತು. ಊರ್ಸ್ ಚಪ್ಪಲಿ ಮೆಟ್ಟಿಕೊಂಡು ಇಳಿದು, ಮುದುಕಿಯನ್ನು ಬಾಯಲ್ಲೇ ಅರ್ಧ ಗಂಟೆ ಒಗೆದ (ಯಂತ್ರಕ್ಕಿಂತ ಚೆನ್ನಾಗಿ).

“ಕೆಳಗೆ ಫ್ರೆಂಚಲ್ಲೂ ಬರೆದು ಹಾಕಿದ್ರೆ ಮುಗೀತಲ್ಲ,” ಎಂದಳು ಹೆಂಡತಿ ಟ್ರೂಡಿ.

“ಐವತ್ತಮೂರು ವರ್ಷದಿಂದ ಫ್ರೆಂಚು ನನ್ನ ನಾಲಿಗೆ ಮೇಲೆ ಹತ್ತಿಲ್ಲ, ಇನ್ನೂ ಹತ್ತಲ್ಲ.”

“ಬರಿಯೋಕೆ ನಾಲಿಗೆ ಯಾಕೆ ಬೇಕು?”

“ಫ್ರೆಂಚ್ ಹಾಕಿದ್ರೆ ಎರಡನೇ ಮಹಡಿ ಪೋರ್ಚುಗೀಸ್‌ನೋನು ನಂದೂ ಹಾಕು ಅಂತಾನೆ. ಆಮೇಲೆ ಇಟಲಿಯವ್ರು. ಗೋಡೆ ಎಲ್ಲಿಂದ ತರ್ಲಿ?”

ಊರ್ಸ್‌ಗೆ ಟೈಲ್ಸ್ ಹಾಕುವ ಕೆಲಸ. ತಲೆಯಲ್ಲಿ ಮಿಂಚು ಹೊಡೆಯಿತು. ಆರು ನೀಲಿ ಟೈಲ್ಸ್ ತಂದು, ದಿನದ ಹೆಸರಿನ ಬದಲು ಒಂದರಿಂದ ಆರರವರೆಗೆ ಅಂಕಿ ಬರೆದು, ಒಗೆಯುವ ಕೋಣೆಯ ಬಾಗಿಲ ಪಕ್ಕ ಸಿಮೆಂಟಿನಲ್ಲಿ ಕೂರಿಸಿಬಿಟ್ಟ. ಶನಿವಾರ ಸಂಜೆ ಆರೂ ಸಂಸಾರಗಳನ್ನು ಕೂಡಿಸಿ, ನಂಬರು ಕಟ್ಟಿದ ಕೀಲಿಗಳನ್ನು ಹಂಚಿದ. “ಅಂಕಿಗೆ ಜಾತಿಯಿಲ್ಲ, ಭಾಷೆಯಿಲ್ಲ,” ಎಂದು ಭಾಷಣವನ್ನೂ ಮಾಡಿದ. ಚಪ್ಪಾಳೆ ಬಿತ್ತು. ಎರಡನೇ ನಂಬರನ್ನು ಮಾತ್ರ ಮದಾಂಗೆ ಕೊಡದೆ ತಾನೇ ಇಟ್ಟುಕೊಂಡಿದ್ದ. ತಾನು ಊದುವ ವಾದ್ಯದ ತಂಡದ ಅಭ್ಯಾಸ ಸೋಮವಾರ ಮುಗಿಯುತ್ತದೆ, ಕೊಳೆ ಮಂಗಳವಾರ ಹೋಗಬೇಕು, ಅಷ್ಟೇ ಅವನ ನ್ಯಾಯ.

ಆ ವಾರದ ಕೊಳೆ ಸಾಮಾನ್ಯದ್ದಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಸರೋವರದ ದಂಡೆಯಲ್ಲಿ ತಂಡದ ನೂರನೇ ವರ್ಷದ ಮೆರವಣಿಗೆ. ಹನ್ನೊಂದು ವರ್ಷ ನಗಾರಿಯ ಹಿಂದಿನ ಸಾಲಿನಲ್ಲಿ ಊದುತ್ತ ಬೆವರಿದ್ದ ಊರ್ಸ್‌ಗೆ ಮೊದಲ ಸಲ ಮುಂದಿನ ಸಾಲು, ದೊಡ್ಡ ಕಹಳೆಯಲ್ಲಿ ಒಂಟಿಯಾಗಿ ಹದಿನಾರು ಆವರ್ತ ಊದುವ ಭಾಗ್ಯ. ಷರತ್ತು ಒಂದೇ: ಬಿಳಿ ಪ್ಯಾಂಟಿನಲ್ಲಿ ಕಲೆ ಕಂಡರೆ ಮತ್ತೆ ನಗಾರಿಯ ಹಿಂದೆ. ಸೋಮವಾರದ ಅಭ್ಯಾಸದಲ್ಲಿ ಸಾಸೇಜಿನ ಸಾಸಿವೆ ಸರಿಯಾಗಿ ತೊಡೆಯ ಮೇಲೆ ಬಿತ್ತು.

ಮಂಗಳವಾರ ಬುಟ್ಟಿ ಹೊತ್ತು ಇಳಿದರೆ, ಯಂತ್ರದೊಳಗೆ ಎರಡನೇ ಮಹಡಿಯ ಪೋರ್ಚುಗೀಸನಾದ ಅದೆರಿತು ಕಿಂತೆಲನ ಹಾಸಿಗೆ ಬಟ್ಟೆ ಗಿರಗಿರನೆ ಸುತ್ತುತ್ತಿತ್ತು.

“ನನ್ನ ಕೀಲಿ ಮೂರು, ಯಜಮಾನ್ರೇ. ಇವತ್ತು ಮೂರು.”

“ಇವತ್ತು ಎರಡು. ಸೋಮವಾರ ಒಂದು, ಮಂಗಳವಾರ ಎರಡು. ಹಾಲು ಕುಡಿಯೋ ಮಗೂನ ಕೇಳು, ಹೇಳುತ್ತೆ.”

“ನಮ್ಮೂರ ಮಗು ಹೇಳಲ್ಲ. ನಮ್ಮಲ್ಲಿ ಸೋಮವಾರಕ್ಕೆ ಹೆಸರೇ ಎರಡನೇದು, ಮಂಗಳವಾರಕ್ಕೆ ಮೂರನೇದು. ನಮ್ಮಜ್ಜಿ ಹುಟ್ಟೋಕೆ ಮುಂಚಿಂದ ಹಂಗೇ. ದೇವರ ದಿನಾನ ಬಿಟ್ಟು ವಾರ ಎಣಿಸ್ತಾರಾ ಯಾರಾದ್ರೂ?” ಅದೆರಿತು ಮೃದುವಾಗಿಯೇ ಹೇಳಿದ. “ನಾಳೆ ನಿಮ್ಮ ಲೆಕ್ಕದ ಮೂರು ಖಾಲಿನೇ ಇರುತ್ತಲ್ಲ, ನೀವು ಹಾಕ್ಕೊಳ್ಳಿ.”

“ನನ್ನ ಮಂಗಳವಾರ ನುಂಗಿ, ನಿನ್ನ ಎಂಜಲು ಬುಧವಾರ ಕೊಡ್ತೀಯಾ? ನಾನೇನು ಭಿಕ್ಷೆಗೆ ಬಂದಿದೀನಾ?”

ಬುಧವಾರ ಯಂತ್ರ ಸುಮ್ಮನೆ ಕೂತಿತ್ತು. ಊರ್ಸ್ ಮೇಲೆ ತನ್ನ ಮನೆಯಲ್ಲಿ ಕೂತು ಅದರ ಮೌನವನ್ನು ಆಲಿಸಿದ. ಗುರುವಾರ, ಶುಕ್ರವಾರ, ಶನಿವಾರ ಬೇರೆಯವರ ಪಾಲು. ಕೇಳಿದರೆ ಮೀಸೆ ಮಣ್ಣಾಗುತ್ತದೆ. ಬಚ್ಚಲಲ್ಲಿ ತಾನೇ ಉಜ್ಜಿದ. ನಾಣ್ಯದಷ್ಟಿದ್ದ ಸಾಸಿವೆ ಇಡೀ ಸ್ವಿಟ್ಜರ್ಲೆಂಡಿನ ಭೂಪಟವಾಯಿತು.

“ಸರೋವರ ಒಂದು ಕಾಣಿಸ್ತಿಲ್ಲ, ಮಿಕ್ಕಿದ್ದೆಲ್ಲ ಬಂದಿದೆ,” ಎಂದಳು ಟ್ರೂಡಿ.

ಭಾನುವಾರ ಬೆಳಗ್ಗೆ ಆರಕ್ಕೆ, ಬರೀ ಕಾಲುಚೀಲದಲ್ಲಿ, ಪ್ಯಾಂಟನ್ನು ಹೊಟ್ಟೆಗೆ ಅವಚಿಕೊಂಡು ಊರ್ಸ್ ಇಳಿದ. ಗುಂಡಿ ಒತ್ತಿದ. ಯಂತ್ರ ಗಂಟಲು ಸರಿಮಾಡಿಕೊಂಡಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮದಾಂ ಪೆರ್ನೂ.

“ಇವತ್ತು ‘ದಿ’ ಅಲ್ವಾ ಗೀಗಾಕ್ಸ್ ಅವ್ರೇ? ನಮ್ಮ ಲೆಕ್ಕದಲ್ಲಿ.”

“ಮದಾಂ, ಪ್ಯಾಂಟು... ಮುಂದಿನ ಸಾಲು...” ಅವನ ದನಿ ಇಲಿಯದಾಗಿತ್ತು.

ಮೇಲೆ ಎಲ್ಲೋ ಬಾಗಿಲು ತೆರೆದ ಸದ್ದಾಯಿತು. ಮುದುಕಿ ಅವನನ್ನೂ ಪ್ಯಾಂಟನ್ನೂ ಒಂದೇ ನೋಟದಲ್ಲಿ ಅಳೆದರು.

“ನಾನು ಕಾಪಾಡ್ತೀನಿ. ಆದ್ರೆ ಇದು ಸಾಲ. ಮೆಟ್ಟಿಲ ಮೇಲೆ ನಿಂತು, ಆರೂ ಮನೆಗೆ ಕೇಳೋ ಹಾಗೆ, ವಾರದ ಏಳೂ ದಿನದ ಹೆಸರು ನನ್ನ ಭಾಷೇಲಿ ಹೇಳ್ಬೇಕು. ಒಪ್ಪಿಗೆನಾ?”

ಮುಳುಗುವವನು ಏನನ್ನು ಒಪ್ಪುವುದಿಲ್ಲ?

ಎರಡು ನಿಮಿಷದಲ್ಲಿ ಮೇಲಿನ ಮನೆಯ ಪಿಯಾನೋ ಸಿಡಿಯಿತು. ಮದಾಂ ಹತ್ತೂ ಬೆರಳಿನಿಂದ, ಬಹುಶಃ ಮೊಣಕೈಯಿಂದಲೂ, ಯುದ್ಧಗೀತೆ ಬಾರಿಸಿದರು. ಇಡೀ ಕಟ್ಟಡ ಅವರ ಬಾಗಿಲಿಗೆ ಬಂದು ಕೂಗಾಡಿತು. ಆ ಗದ್ದಲದ ಮರೆಯಲ್ಲಿ ಕೆಳಗೆ ಯಂತ್ರ ನಿಶ್ಚಿಂತೆಯಿಂದ ಸುತ್ತಿ ಮುಗಿಸಿತು. ಮಧ್ಯಾಹ್ನ ಊರ್ಸ್ ಹಾಲಿನಂಥ ಪ್ಯಾಂಟಿನಲ್ಲಿ ಮುಂದಿನ ಸಾಲಿನಲ್ಲಿ ಊದಿದ. ಸೊಂಟದ ಹತ್ತಿರ ಇನ್ನೂ ಹಸಿಯಿತ್ತು, ಬಾತುಕೋಳಿಯ ನಡಿಗೆ ಬಂತು. ಜನ ಅದನ್ನು ಗಾಂಭೀರ್ಯವೆಂದುಕೊಂಡರು.

ಸೋಮವಾರ ಸಂಜೆ ಮೆಟ್ಟಿಲ ಮೇಲೆ ಸಾಲ ತೀರಿಸುವ ಕಾರ್ಯಕ್ರಮ. ಮದಾಂ ಕುರ್ಚಿ ಹಾಕಿಸಿ ಕೂತಿದ್ದರು. ಬಾಗಿಲುಗಳಲ್ಲಿ ತಲೆಗಳು. “ಲಂದಿ,” ಎಂದು ಸೋಮವಾರವೊಂದನ್ನೇ ಹೇಳಿ ಊರ್ಸ್ ಕೆಂಪಾಗಿ ಒಳಗೆ ಓಡಿದ. ಮುಂದಿನ ವಾರ “ಮಾರ್ದಿ” ಬಂತು. “ಮೆರ್ಕ್ರೆದಿ” ಎಂದು ಬುಧವಾರ ತಲುಪುವಷ್ಟರಲ್ಲಿ ಬೇಸಿಗೆ ಮುಗಿಯಿತು. ಅದೆರಿತು ಕೆಳಗಿನಿಂದ ನಂಬರು ಎಣಿಸಿ ಹುರಿದುಂಬಿಸಿದಷ್ಟೂ ನಾಲಿಗೆ ಗಂಟಾಗುತ್ತಿತ್ತು.

ಶರತ್ಕಾಲದಲ್ಲಿ ಮದಾಂ ಮನೆ ಖಾಲಿ ಮಾಡಿ, ನೂಷಾತೆಲ್ ಊರಿನ ತಂಗಿಯ ಮನೆಗೆ ಹೊರಟರು. ಸಾಮಾನಿನ ಲಾರಿಯ ಪಕ್ಕ ನಿಂತು ಅವನ ಕೈ ಕುಲುಕಿದರು.

“ಇನ್ನೂ ನಾಲ್ಕು ದಿನ ಬಾಕಿ, ಗೀಗಾಕ್ಸ್ ಅವ್ರೇ.”

ಊರ್ಸ್ ಎದೆಯುಬ್ಬಿಸಿ, ಗುರುವಾರದ ಫ್ರೆಂಚ್ ಹೆಸರಿಗೆಂದು ಬಾಯಿ ತೆರೆದ. ಕೆಮ್ಮು ಬಂತು. ಲಾರಿ ಕಾಯಲಿಲ್ಲ.