ಅರ್ಧ ಮೊಲ

ಎಲ್ಲ ಅವಾಂತರಕ್ಕೂ ಮೂಲ ಒಂದು ಕಾಗುಣಿತ. ರಸಾಯನಶಾಸ್ತ್ರದ ಮೇಷ್ಟ್ರು ಬೆಳಗ್ಗೆ ಆಕಳಿಸುತ್ತಲೇ ಒಂದು ಚೀಟಿ ಬರೆದು ಗುಮಾಸ್ತರ ಮೇಜಿನ ಮೇಲಿಟ್ಟರು: 'ವಿನೆಗರ್ ಒಂದು ಬಾಟಲಿ, ದೊಡ್ಡ ಬಲೂನು ಒಂದು, ಅಡುಗೆ ಸೋಡ, ಅರ್ಧ ಮೋಲ್.' ಗ್ರಾಮಿಗೆ ಇಳಿಸಿಯೇ ಬರೆಯಬಹುದಿತ್ತು. ಆದರೆ ಮೋಲನ್ನು ಗ್ರಾಮು, ಗ್ರಾಮನ್ನು ಕಣ, ಕಣವನ್ನು ಲೀಟರು ಮಾಡಿದ ಅರವತ್ತು ನೋಟ್‌ಬುಕ್ಕು ತಿದ್ದಿ ಅವರ ತಲೆ ಗಿರ್ರೆನ್ನುತ್ತಿತ್ತು.

ಸಾಲದ್ದಕ್ಕೆ ಜೀವಶಾಸ್ತ್ರ ಬೇರೆ. ಅದರ ಮೇಷ್ಟ್ರು ಬಿಟ್ಟುಹೋಗಿ ವರ್ಷವಾಗಿತ್ತು. ಆ ಪೀರಿಯಡ್ಡುಗಳೂ ಇವರ ತಲೆಗೇ ಬಿದ್ದಿದ್ದವು. ಹೊಸಬರು ಬೇಕೋ ಬೇಡವೋ ಎಂದು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಅಂದೇ ಮಧ್ಯಾಹ್ನ ಬರುವವರಿದ್ದರು. 'ಜೀವಶಾಸ್ತ್ರ ನನ್ನ ಕೈಲಾಗಲ್ಲ ಸಾರ್' ಎಂಬ ಒಂದೇ ಮಾತನ್ನು ಮೇಷ್ಟ್ರು ವಾರದಿಂದ ಬಾಯಿಪಾಠ ಮಾಡಿದ್ದರು. ಪಾಪ, ಅವರಿಗೆ ಬೇಕಾಗಿದ್ದದ್ದು ದಿನಕ್ಕೊಂದು ಗಂಟೆ ಸುಮ್ಮನೆ ಕೂರುವ ಭಾಗ್ಯ, ಅಷ್ಟೇ.

ಹನ್ನೊಂದಕ್ಕೆ ಗುಮಾಸ್ತರು ಲ್ಯಾಬಿಗೆ ಬಂದರು. ಒಂದು ಕೈಯಲ್ಲಿ ವಿನೆಗರ್, ಬಲೂನು, ಸೋಡ ಇದ್ದ ಚೀಲ, ಇನ್ನೊಂದರಲ್ಲಿ ಬುಟ್ಟಿ. ಬುಟ್ಟಿಯಿಂದ ಎರಡು ಉದ್ದ ಕಿವಿ ಇಣುಕುತ್ತಿದ್ದವು.

"ಇದೇನ್ರೀ ಇದು?"

"ನೀವೇ ಬರೆದಿದ್ರಲ್ಲ ಮೇಷ್ಟ್ರೇ. ಕಾಗುಣಿತ ತಪ್ಪಿತ್ತು, ನಾನೇ ತಿದ್ದಿದೆ. ಆದ್ರೆ ಅರ್ಧ ಮೊಲ ಯಾರು ಕೊಡ್ತಾರೆ ಹೇಳಿ? ಇಡೀದೇ ತಂದೆ. ನನ್ನ ಭಾವಮೈದ ಸಾಕಿದ್ದು."

"ರೀ, ಮೋಲ್ ಅಂದ್ರೆ ಡಜನ್ ಇದ್ದ ಹಾಗೆ. ಡಜನ್‌ಗೆ ಹನ್ನೆರಡು, ಮೋಲ್‌ಗೆ ಆರರ ಮುಂದೆ ಇಪ್ಪತ್ಮೂರು ಸೊನ್ನೆ!"

ಗುಮಾಸ್ತರು ಹೌಹಾರಿದರು. "ಅಯ್ಯಯ್ಯೋ! ಅಷ್ಟು ಮೊಲ ಕಟ್ಟೋಕೆ ಜಾಗ ಎಲ್ಲಿದೆ ಮೇಷ್ಟ್ರೇ?"

ಅಷ್ಟರಲ್ಲಿ ಹೆಡ್‌ಮೇಡಂ ಏದುಸಿರು ಬಿಡುತ್ತ ಓಡಿಬಂದರು. "ಸಾಹೇಬ್ರು ಈಗಲೇ ಬಂದ್ಬಿಟ್ರು! ಏನಾದ್ರೂ ಪ್ರಯೋಗ ಮಾಡಿ ತೋರ್ಸಿ, ಬೇಗ!"

ಬುಟ್ಟಿ ಅವಸರವಸರವಾಗಿ ಬೀರುವಿನೊಳಗೆ ಹೋಯಿತು. ಬೀರುವಿನ ಬಾಗಿಲಿಗೆ ಚಿಲಕವಿರಲಿಲ್ಲ.

ಸಾಹೇಬರು ಮುಂದಿನ ಕುರ್ಚಿಯಲ್ಲಿ ಕೂತರು. ಮೇಷ್ಟ್ರು ಸೋಡ ತೂಗಿದರು. "ಅರ್ಧ ಮೋಲ್, ಅಂದ್ರೆ ನಲವತ್ತೆರಡು ಗ್ರಾಂ ಸಾರ್. ಇದಕ್ಕೆ ಹನ್ನೊಂದು ಲೀಟರ್ ಚಿಲ್ಲರೆ ಅನಿಲ ಬರಬೇಕು." ವಿನೆಗರ್ ಬಾಟಲಿಗೆ ಸೋಡ ಸುರಿದು, ಅದರ ಬಾಯಿಗೆ ಬಲೂನು ಸಿಕ್ಕಿಸಿದರು. ಬಲೂನು ಉಬ್ಬಿತು, ಇನ್ನೂ ಉಬ್ಬಿತು. ಲೆಕ್ಕ ಸರಿಯಾಗಿತ್ತು, ಬಲೂನು ಮಾತ್ರ ಹಳೇದು. ಢಮಾರ್!

ಬೆಚ್ಚಿದ ಮೊಲ ಬೀರುವಿನಿಂದ ಚಂಗನೆ ನೆಗೆದು ಸಾಹೇಬರ ಮಡಿಲಲ್ಲಿ ಬಿತ್ತು.

ಮೇಷ್ಟ್ರು ಅದನ್ನು ಹಿಡಿಯಲು ಧಾವಿಸಿದರು. ಸಾಹೇಬರು ಮಾತ್ರ ಮೊಲದ ಬೆನ್ನು ಸವರುತ್ತ ಕರಗಿಹೋದರು. "ಭೇಷ್! ಜೀವಶಾಸ್ತ್ರಕ್ಕೆ ಜೀವಂತ ಪ್ರಾಣೀನೇ ತಂದಿದ್ದೀರಾ?"

"ಅಲ್ಲ ಸಾರ್, ಅದು ಮೋಲ್..."

"ಮೊಲಾನೇ ಕಣ್ರೀ, ನನಗಷ್ಟೂ ಗೊತ್ತಾಗಲ್ವಾ?"

"ಜೀವಶಾಸ್ತ್ರ ನನ್ನ ಕೈಲಾಗ..."

"ಭಾರಿ ಸಂಕೋಚ ಸಾರ್ ಇವರಿಗೆ," ಎಂದು ಹೆಡ್‌ಮೇಡಂ ನಡುವೆ ಬಾಯಿ ಹಾಕಿದರು. "ಸ್ವಂತ ಆಸಕ್ತಿಯಿಂದ ತರ್ಸಿದ್ದಾರೆ."

ಗುಮಾಸ್ತರೂ ಹೆಮ್ಮೆಯಿಂದ ತಲೆಯಾಡಿಸಿದರು. ಸಾಹೇಬರು ಪೆನ್ನು ತೆಗೆದು, ಬರೆದದ್ದನ್ನು ಗಟ್ಟಿಯಾಗಿಯೇ ಓದಿದರು: 'ಜೀವಶಾಸ್ತ್ರ ಪಾಠ ಅತ್ಯುತ್ತಮವಾಗಿ ನಡೆಯುತ್ತಿದೆ. ಹೊಸ ಶಿಕ್ಷಕರ ಅಗತ್ಯವಿಲ್ಲ.'

ಮೇಷ್ಟ್ರು ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತರು. ಸಾಹೇಬರು ಪ್ರೀತಿಯಿಂದ ಅವರ ಹೆಗಲು ತಟ್ಟಿದರು.

"ಪಕ್ಕದ ಶಾಲೆಯಲ್ಲೂ ಜೀವಶಾಸ್ತ್ರಕ್ಕೆ ಜನ ಇಲ್ಲ ಮೇಷ್ಟ್ರೇ. ಶನಿವಾರ ಮಧ್ಯಾಹ್ನ ನೀವು ಖಾಲಿ ತಾನೇ?"