ಸಣ್ಣ ಮದ್ದು, ದಪ್ಪ ಮದ್ದು

ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವವನಿಗೆ ಬಳಗ ದೊಡ್ಡದಿರಬಾರದು. ನಾನು ಕಾಲೇಜಿನಲ್ಲಿ ಹುಡುಗರಿಗೆ ಕಲಿಸುವುದು ಒಂದಿಷ್ಟು ಕವಿತೆ, ಒಂದಿಷ್ಟು ವ್ಯಾಕರಣ. ಆದರೆ ನಮ್ಮ ಬಳಗದವರ ಪ್ರಕಾರ ಇಂಗ್ಲಿಷ್ ಬಲ್ಲವನಿಗೆ ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಗೊತ್ತಿರಬೇಕು. ಹಾಗಾಗಿ ಗುಳಿಗೆ ಡಬ್ಬಿಯೊಳಗಿನ ಚೀಟಿ, ಮಿಕ್ಸರ್ ಜೊತೆ ಬಂದ ಪುಸ್ತಕ, ಮೊಬೈಲಿಗೆ ಬಂದ ಮೋಸದ ಮೆಸೇಜು ಎಲ್ಲವೂ ಬೆಟಗೇರಿಯ ನಮ್ಮ ಮನೆಗೇ ಬರುತ್ತವೆ. ಅಸುಂಡಿಯ ನಮ್ಮ ಸಂಬಂಧಿಕರೊಬ್ಬರು ಒಮ್ಮೆ ಬೋರ್‌ವೆಲ್ ಮೋಟಾರಿನ ಪುಸ್ತಕ ತಂದಿದ್ದರು. ನಾನು ಶ್ರದ್ಧೆಯಿಂದ ಓದಿ ಹೇಳಿದೆ. ಮೋಟಾರು ಉಲ್ಟಾ ತಿರುಗಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಮಾಸ್ತರ ಇಂಗ್ಲಿಷ್ ಹಳೇದೈತಿ, ಮೋಟಾರ್ ಹೊಸಾದು" ಎಂದು ಊರಲ್ಲಿ ನನ್ನ ಮಾನ ಕಾಪಾಡಿದರು. ಇಷ್ಟಕ್ಕೇ ನಿಂತಿದ್ದರೆ ನಾನು ಸುಖವಾಗಿಯೇ ಇರುತ್ತಿದ್ದೆ. ಆದರೆ ನನಗೊಬ್ಬ ಕಾಕಾ ಇದ್ದಾರೆ, ಕಾಕಾನ ಹತ್ತಿರ ಒಂದು ರಿವಾಲ್ವರ್ ಇದೆ.

ವಿರೂಪಾಕ್ಷಪ್ಪ ಕಾಕಾ ನನ್ನ ಅಪ್ಪನ ತಮ್ಮ. ಲಕ್ಷ್ಮೇಶ್ವರದಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಆ ರಿವಾಲ್ವರ್ ನಮ್ಮ ಅಜ್ಜನ ಕಾಲದ್ದು. ಹತ್ತಿ ಖರೀದಿಗೆ ಊರೂರು ತಿರುಗುವಾಗ ಇರಲಿ ಎಂದು ಅಜ್ಜ ಲೈಸನ್ಸ್ ತೆಗೆದುಕೊಂಡಿದ್ದರು. ಅಜ್ಜನ ನಂತರ ಅದು ಕಾಕಾನ ಹೆಸರಿಗೆ ಬಂತು. ಕಾಕಾ ಇವತ್ತಿನವರೆಗೂ ಅದರಿಂದ ಒಂದು ಗುಂಡನ್ನೂ ಹಾರಿಸಿಲ್ಲ. ಯಾಕೆ ಎಂದು ಕೇಳಿದರೆ, "ಹಾರಿಸಿದ್ರ ಕಾಡತೂಸು ಮುಗೀತಾವಲ್ಲೋ" ಎನ್ನುತ್ತಾರೆ. ವರ್ಷದ ಬಹುಭಾಗ ಆ ರಿವಾಲ್ವರ್ ಮನೆಯಲ್ಲಿ ಇರುವುದೂ ಇಲ್ಲ. ಚುನಾವಣೆ ಬಂದಾಗಲೆಲ್ಲ ಲೈಸನ್ಸಿನ ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ, ನಮ್ಮಲ್ಲಿ ಒಂದಲ್ಲ ಒಂದು ಚುನಾವಣೆ ಇದ್ದೇ ಇರುತ್ತದೆ. ಕಾಕಾ ಅದಕ್ಕೆ ಎಣ್ಣೆ ಹಚ್ಚಿ ಒರೆಸಿ, ಕಾಕಿಯ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಬಿಟ್ಟು ಬರುವವರ ಮುಖದಲ್ಲಿ ಠಾಣೆಗೆ ಹೋಗಿ ಬರುತ್ತಾರೆ. ನಡುನಡುವೆ ಫೋನ್ ಮಾಡಿ, "ನಮ್ಮದು ಅರಾಮ ಐತ್ರೀ?" ಎಂದು ವಿಚಾರಿಸುತ್ತಾರೆ. ಠಾಣೆಯವರೂ ಈಗ ರೂಢಿಯಾಗಿ, "ಅರಾಮ ಐತ್ರಿ ಸಾವ್ಕಾರ್ರ" ಎನ್ನುತ್ತಾರಂತೆ.

ಹೀಗೆ ರಿವಾಲ್ವರ್ ಇಲ್ಲದ ಒಂದು ಬಿಡುವಿನಲ್ಲಿ ಕಾಕಾ ಮೊಬೈಲಿನಲ್ಲಿ ಒಬ್ಬ ಗಡ್ಡದ ಅಮೆರಿಕದವನನ್ನು ಕಂಡರು. ಅವನು ತನ್ನ ಗ್ಯಾರೇಜಿನಲ್ಲಿ ಕುಳಿತು ಸೀಸ ಕರಗಿಸುತ್ತಾನೆ, ಅಚ್ಚಿಗೆ ಹೊಯ್ದು ಗುಂಡು ಮಾಡುತ್ತಾನೆ, ಖಾಲಿ ಕಾಡತೂಸಿಗೆ ಮದ್ದು ತುಂಬಿ ಅದರ ಮೇಲೆ ಆ ಗುಂಡು ಕೂರಿಸುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ ಯಾವ ಗುಂಡಿಗೆ ಯಾವ ಮದ್ದು ಹೊಂದುತ್ತದೆ ಎಂದು ಗಂಟೆಗಟ್ಟಲೆ ಮಾತಾಡುತ್ತಾನೆ. ಕಾಕಾ ಬೆಳಗಿನ ಬಸ್ಸಿಗೇ ಬೆಟಗೇರಿಗೆ ಬಂದರು. ಚಹಾ ಕೂಡ ಮುಟ್ಟದೆ ಮೊಬೈಲನ್ನು ನನ್ನ ಮುಂದೆ ಹಿಡಿದರು.

"ಶಂಕರಾ, ಇಂವ ಏನ ಹೇಳ್ತಾನ ಒಂದೊಂದು ಮಾತು ಬಿಡದಂಗ ಹೇಳು."

ನಾನು ಹೇಳಿದೆ. ಬೇಗ ಉರಿಯುವ ಮದ್ದು ಇದೆಯಂತೆ, ನಿಧಾನ ಉರಿಯುವ ಮದ್ದು ಇದೆಯಂತೆ. ಎರಕ ಹೊಯ್ದ ಸೀಸದ ಗುಂಡು ಮೆತ್ತಗೆ, ಅದಕ್ಕೆ ಹೊಂದುವ ಮದ್ದನ್ನು ನೋಡಿ ಆರಿಸಬೇಕಂತೆ. ಕಾಕಾ ಕಣ್ಣು ಮುಚ್ಚಿ ಕೇಳಿದರು.

"ತಿಳೀತು. ಹತ್ತಿಕಟ್ಟಿಗಿ ಮತ್ತ ಜಾಲಿಕಟ್ಟಿಗಿ ಇದ್ದಂಗ. ಒಂದು ಭಗ್ ಅಂತ ಹತ್ತಿ ಮುಗೀತೈತಿ, ಇನ್ನೊಂದು ಕುಂತು ಉರೀತೈತಿ. ನಮಗ ಹತ್ತಿಕಟ್ಟಿಗಿ ಮದ್ದ ಬೇಕು. ರೊಟ್ಟಿ ಬಡದಂಗ ಜಲ್ದಿ ಆಗಬೇಕು."

"ಕಾಕಾ, ಮನ್ಯಾಗ ಕಾಡತೂಸು ತುಂಬಾಕ ನಿಮ್ಮ ಲೈಸನ್ಸಿನ್ಯಾಗ ಪರವಾನಗಿ ಇಲ್ಲ."

"ಯಾರು ತುಂಬ್ತಾರೋ? ನಾ ಆರಸಾಕತ್ತೇನಿ. ಆರಸಾಕ ಯಾರ ಪರವಾನಗಿ ಬೇಕು?"

ಅದೂ ಸರಿಯೇ. ಹೆಣ್ಣು ನೋಡಲು ಹೋದವರು ಮದುವೆಯಾಗಲೇಬೇಕೆಂದು ಯಾವ ಕಾನೂನೂ ಇಲ್ಲ. ಆದರೂ ಕಾಕಾ ಟಾಯರ್ ಅಂಗಡಿಯಿಂದ, ಗಾಲಿಯ ತೂಕ ಸರಿದೂಗಿಸಲು ಬಡಿಯುವ ಸೀಸದ ಚೂರುಗಳನ್ನು ಒಂದು ಚೀಲ ತಂದಿಟ್ಟುಕೊಂಡಿದ್ದಾರೆಂದು ಕೇಳಿದಾಗ ನನಗೆ ಹೆದರಿಕೆಯಾಯಿತು. ಪುಣ್ಯಕ್ಕೆ ಕಾಕಿ, "ನನ್ನ ಒಲಿ ಮ್ಯಾಲೆ ಸೀಸಾ ಕಾಸಿದ್ರ ನಾಳಿಂದ ನೀವ ಅಡಗಿ ಮಾಡ್ಕೋರಿ" ಎಂದಿದ್ದರಿಂದ ಆ ಚೀಲ ಮೆಣಸಿನಕಾಯಿ ತಕ್ಕಡಿಯ ಪಕ್ಕದಲ್ಲೇ ಕುಳಿತಿತ್ತು.

ಕಾಕಾನಿಗೆ ಒಬ್ಬಳೇ ಮಗಳು, ಸುಮಾ. ನಾಗಾವಿ ಕಡೆ ಒಂದು ಗ್ರಂಥಾಲಯದಲ್ಲಿ ಕೆಲಸ. ಅವಳಿಗೆ ಮುಂಡರಗಿಯ ಮಲ್ಲನಗೌಡರ ಮಗ ವೀರೇಶನನ್ನು ನಿಶ್ಚಯ ಮಾಡಿದ್ದರು. ವೀರೇಶ ದನದ ಡಾಕ್ಟರು, ಸಾಧು ಹುಡುಗ. ಹುಡುಗ-ಹುಡುಗಿ ಒಪ್ಪಿದ್ದರು, ಜಾತಕ ಒಪ್ಪಿತ್ತು, ಕಾಕಿ ಉಡುಗೊರೆಯ ಸೀರೆ ಆರಿಸಿದ್ದಳು. ನಿಶ್ಚಿತಾರ್ಥಕ್ಕೆ ಯಾರು ಯಾರನ್ನು ಕರೆಯಬೇಕೆಂದು ಮಾತಾಡಲು ಮಲ್ಲನಗೌಡರು ಲಕ್ಷ್ಮೇಶ್ವರಕ್ಕೆ ಬಂದರು. ಅವರ ಹೊಲ ಕಪ್ಪತಗುಡ್ಡದ ಮಗ್ಗುಲಿಗೆ. ಗೋವಿನಜೋಳ ಹಾಕಿದರೆ ಕಾಡುಹಂದಿ ಬರುತ್ತವೆ. ಅವನ್ನು ಬೆದರಿಸಲು ಅವರ ಹತ್ತಿರ ನಳಿಗೆಯ ಬಾಯಿಂದ ಮದ್ದು ಗಿಡಿದು ತುಂಬುವ ಹಳೆಯ ಬಂದೂಕು ಉಂಟು, ಅದೂ ಲೈಸನ್ಸಿನದೇ. ಮದ್ದಿನ ವಿಷಯ ತಿಳಿದ ಬೀಗರು ಸಿಕ್ಕರೆಂದು ಕಾಕಾನಿಗೆ ಆನಂದವಾಯಿತು. ಆ ಆನಂದ ಊಟ ಮುಗಿಯುವವರೆಗೂ ಉಳಿಯಲಿಲ್ಲ.

"ಸಾವ್ಕಾರ್ರ, ಮದ್ದು ಅಂದ್ರ ದಪ್ಪ ಕಾಳಿಂದ, ನಿಧಾನ ಉರಿಯೂದು" ಎಂದರು ಗೌಡರು. "ಎತ್ತಿಗೆ ಎದ್ದ ಕೂಡ್ಲೆ ಬಾರಕೋಲ ಬೀಸಿದ್ರ ನೊಗಾ ಮುರೀತೈತಿ. ಗುಂಡಿಗೂ ಹಂಗ. ಬೆನ್ನ ಮ್ಯಾಲೆ ಕೈ ಆಡಿಸಿ ಹೊರಡಸಬೇಕು."

"ಗೌಡ್ರ, ಅದು ಹಳೇ ಪದ್ಧತಿ. ಈಗ ಸಣ್ಣ ಮದ್ದು, ಜಲ್ದಿ ಮದ್ದು."

"ಜಲ್ದಿ ಮದ್ದು ಕೈಯಾಗ ಸಿಡೀತೈತಿ."

"ನಿಮ್ಮ ಮದ್ದು ಹತ್ತಿ ಉರಿಯೂದ್ರಾಗ ಹಂದಿ ಉಂಡು, ಕೈ ತೊಳಕೊಂಡು, ಎಲಿಅಡಕಿ ಹಾಕ್ಕೊಂಡು ಹೋಗಿರ್ತೈತಿ."

ಕಾಕಾ ಇದನ್ನು ವಿನೋದಕ್ಕೆಂದು ಅಂದದ್ದು. ಆದರೆ ಆ ವರ್ಷ ಹಂದಿಗಳು ಗೌಡರ ಹೊಲದಲ್ಲಿ ನಿಜವಾಗಿಯೂ ಉಂಡು ಹೋಗಿದ್ದವು. ಗೌಡರು ಎಲೆಯ ಮುಂದಿನಿಂದ ಎದ್ದರು. ಹೋಳಿಗೆ ಎಲೆಯಲ್ಲೇ ಉಳಿಯಿತು. ಮರುದಿನ ಮುಂಡರಗಿಯಿಂದ ಮಾತು ಬಂತು: ನಿಶ್ಚಿತಾರ್ಥ ಸದ್ಯಕ್ಕೆ ಬೇಡ, ಗಡಿಬಿಡಿ ಮಾಡುವ ಮನೆತನದ ಬಗ್ಗೆ ಇನ್ನಷ್ಟು ವಿಚಾರ ಮಾಡಬೇಕಾಗಿದೆ.

ಸುಮಾ ಕೆಲಸದಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಅತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ಅಣ್ಣಾ, ಹುಡುಗಗ ಚಟ ಐತಿ ಅಂತ ಮುರದಿದ್ರ ಹೇಳಾಕರ ಬರತಿತ್ತು. ನಮ್ಮ ಮನ್ಯಾಗ ಇಲ್ಲದ ಮದ್ದಿನ ಸಲುವಾಗಿ ಮದವಿ ನಿಂತೈತಿ ಅಂತ ನಾ ಯಾರ ಮುಂದ ಹೇಳ್ಲಿ? ವೀರೇಶ್ ಫೋನ್ ಮಾಡಿದ್ರ ಇಬ್ರೂ ಸುಮ್ಮನ ಕುಂದರ್ತೇವಿ. ಬಿಡಿಸಿ ಹೇಳಿದಾಂವ ನೀನು. ನೀನ ಸರಿ ಮಾಡು."

ನನ್ನ ಹೆಂಡತಿ ಪುಷ್ಪಾ ಅವಳಿಗೆ ಚಹಾ ಕೊಡುತ್ತ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ನಾನು ಇಬ್ಬರಿಗೂ ಫೋನ್ ಮಾಡಿ, ಲಕ್ಷ್ಮೇಶ್ವರವೂ ಬೇಡ, ಮುಂಡರಗಿಯೂ ಬೇಡ, ನಡುವೆ ಶಿರಹಟ್ಟಿಯಲ್ಲಿ ಸೇರೋಣ ಎಂದೆ. ಎರಡು ದೇಶಗಳ ನಡುವೆ ಸಂಧಾನ ಮಾಡಿಸುವವನ ಠೀವಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಅವರು, ನಡುವೆ ನಾನು. ಮಂಡಕ್ಕಿಯ ಗಿರಮಿಟ್ಟು ಬಂತು. ಮಾತು ಶುರುವಾದದ್ದೇ ಇಬ್ಬರೂ ಮದ್ದು, ಗುಂಡು, ರಿವಾಲ್ವರ್ ಎಂದು ದನಿ ಏರಿಸತೊಡಗಿದರು. ಅಷ್ಟರಲ್ಲಿ ಎದುರಿನ ಬೆಂಚಿಗೆ ಒಬ್ಬರು ಪೊಲೀಸರು ಬಂದು ಕುಳಿತು, ಟೋಪಿ ತೆಗೆದಿಟ್ಟು ಚಹಾ ಹೇಳಿದರು. ನಾನು ಇಬ್ಬರ ತೊಡೆಯನ್ನೂ ಚಿವುಟಿ, "ರವಾ ಅನ್ರಿ, ರವಾ" ಎಂದು ಪಿಸುಗುಟ್ಟಿದೆ.

ಈ ಒಂದು ವಿಷಯದಲ್ಲಿ ಇಬ್ಬರೂ ಬಹಳ ಚುರುಕು. ಕಾಕಾ ತಡೆಯದೆ ಮುಂದುವರಿಸಿದರು. "ನಾ ಹೇಳೂದು ಇಷ್ಟ, ಸಣ್ಣ ರವಾನ ಬೇಕು."

"ದಪ್ಪ ರವಾದ ಮುಂದ ಸಣ್ಣ ರವಾ ಯಾತರದು?" ಎಂದರು ಗೌಡರು.

"ದಪ್ಪ ರವಾ ಹತ್ತಾಕ ಹೊತ್ತು ಬೇಕು."

"ಸಣ್ಣ ರವಾ ಸಿಡದು ಯಾರದರ ಕಣ್ಣ ಹೋಗ್ತಾವ."

ಎದುರು ಕುಳಿತ ಪೊಲೀಸರು ಚಹಾದ ಕಪ್ಪು ಕೆಳಗಿಟ್ಟರು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನನಗೆ ಕಾಲೇಜು, ಪಿಂಚಣಿ, ಪುಷ್ಪಾ ಎಲ್ಲ ಕಣ್ಣ ಮುಂದೆ ಬಂದವು.

"ಹಿರ್ಯಾರ, ನಡುವ ಬಾಯಿ ಹಾಕ್ತೇನಿ ಅಂತ ತಪ್ಪು ತಿಳೀಬ್ಯಾಡ್ರಿ" ಎಂದರು ಅವರು. "ಉಪ್ಪಿಟ್ಟಿಗೆ ದಪ್ಪ ರವಾನ ಛಲೋ. ಸಣ್ಣದು ಗಂಟ ಕಟ್ತೈತಿ. ನಮ್ಮ ಮನ್ಯಾಗ ದಿನಾ ಇದ ಜಗಳ."

ಗೌಡರು ಎದ್ದು ಅವರಿಗೆ ಕೈಮುಗಿದರು, ಚಹಾ ಜೊತೆಗೆ ಅವರಿಗೊಂದು ಮಿರ್ಚಿ ಪ್ಲೇಟನ್ನೂ ಹೇಳಿದರು. ಪೊಲೀಸರು ಹೋದ ಮೇಲೆ ಎದೆ ಉಬ್ಬಿಸಿ, "ಕೇಳಿದ್ರಿಲ್ಲ ಸಾವ್ಕಾರ್ರ? ಪೊಲೀಸ್ ಇಲಾಖೆನ ನಮ್ಮ ಕಡೆ ಐತಿ" ಎಂದರು. ನಾನು, ಅವರು ಹೇಳಿದ್ದು ಉಪ್ಪಿಟ್ಟಿನ ಮಾತು ಎಂದೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಕಾಕಾನ ಮುಖ ಬಾಡಿತ್ತು. ಸ್ವಲ್ಪ ಹೊತ್ತು ಗಿರಮಿಟ್ಟಿನೊಳಗಿನ ಉಳ್ಳಾಗಡ್ಡಿ ಆರಿಸುತ್ತ ಕುಳಿತು, "ಕಾನ್‌ಸ್ಟೇಬಲ್ ಮಾತಿಗೆ ನಾ ಒಪ್ಪೂದಿಲ್ಲ. ಈ ವಿದ್ಯಾದಾಗ ಇದ್ದವರನ್ನ ಕೇಳೂಣು" ಎಂದರು.

ಹಾಗಾಗಿ ಅದೇ ವಾರ ಬಾಡಿಗೆ ಕಾರು ಮಾಡಿಕೊಂಡು ಹುಬ್ಬಳ್ಳಿಗೆ, ಲೈಸನ್ಸ್ ಇದ್ದ ಒಂದು ಬಂದೂಕಿನ ಅಂಗಡಿಗೆ ಹೋದೆವು. ಹೋಗುವಾಗ ಕಾಕಾ ಮುಂದಿನ ಸೀಟಿನಲ್ಲಿ, ಗೌಡರು ನನ್ನ ಜೊತೆ ಹಿಂದೆ. ಅಂಗಡಿಯ ಯಜಮಾನರು ಇಬ್ಬರ ವಾದವನ್ನೂ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಪೂರ್ತಿ ಕೇಳಿದರು.

"ನೀವು ಹೇಳೂ ಜಲ್ದಿ ಮದ್ದು ನಿಮಗ ಸಿಗೂದಿಲ್ರಿ" ಎಂದರು ಕಾಕಾನಿಗೆ. ಗೌಡರ ಮೀಸೆ ಅರಳಿತು. "ನೀವು ಹೇಳೂ ನಿಧಾನದ್ದೂ ಸಿಗೂದಿಲ್ರಿ" ಎಂದರು ಗೌಡರಿಗೆ. "ಗೌಡ್ರ ಬಂದೂಕಿನ ಕರೀ ಮದ್ದು ಬ್ಯಾರೆ ಮಾತು. ರಿವಾಲ್ವರಿಗೆ ಮನ್ಯಾಗ ಕಾಡತೂಸು ತುಂಬೂದು ಅಪರಾಧ. ತಯಾರ ಕಾಡತೂಸು ಬೇಕಿದ್ರ ಲೈಸನ್ಸ್ ತೋರಸ್ರಿ."

"ತಯಾರಿದ್ದದ್ರಾಗ ಆರಸೂದು ಏನೈತಿ?" ಎಂದು ಕಾಕಾ ಕೇಳಿದರು.

"ಏನಿಲ್ರಿ. ಡಬ್ಬಿ ಒಯ್ಯೂದು."

ಅಂಗಡಿಯಿಂದ ಹೊರಬಂದ ಇಬ್ಬರೂ ಪಾದಚಾರಿ ದಾರಿಯ ಮೇಲೆ ಹೊತ್ತು ಕಳೆಯುವವರಂತೆ ನಿಂತರು. ಇಷ್ಟು ದಿನ ಅವರ ನಡುವೆ ಇದ್ದದ್ದನ್ನು ಯಾರೋ ಎತ್ತಿಕೊಂಡು ಹೋದಂತಾಗಿತ್ತು. ಆಮೇಲೆ ಗೌಡರು ತಾವಾಗಿಯೇ ಕಾಕಾನಿಗೆ ಕಾರಿನ ಹಿಂದಿನ ಬಾಗಿಲು ತೆಗೆದರು. ನಾನು ಮುಂದೆ ಕುಳಿತೆ. ಅಣ್ಣಿಗೇರಿ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಸ್ನೇಹವಾಗಿತ್ತು.

"ಮದ್ದಿನ ರುಚಿ ಗೊತ್ತಿಲ್ಲದಾಂವ ಅಂಗಡಿ ಇಟ್ಟಾನ ನೋಡ್ರಿ ಗೌಡ್ರ."

"ಡಬ್ಬಿ ಒಯ್ಯೂದಂತ. ಅವಗ ನಿಮ್ಮ ಸಣ್ಣದರ ಕಿಮ್ಮತ್ತೂ ಗೊತ್ತಿಲ್ಲ, ನಮ್ಮ ದಪ್ಪದರ ಕಿಮ್ಮತ್ತೂ ಗೊತ್ತಿಲ್ಲ."

"ಖರೆ ಹೇಳ್ಬೇಕಂದ್ರ ನಿಮ್ಮ ದಪ್ಪದ್ರಾಗೂ ಒಂದು ಗಾಂಭೀರ್ಯ ಐತ್ರಿ."

"ಛೇ, ಛೇ, ನಿಮ್ಮ ಸಣ್ಣದರ ಚುರುಕು ಎಲ್ಲಿ ಬರಬೇಕು."

ಆ ದಿನ ಗೌಡರು ಮುಂಡರಗಿಗೆ ಹೋಗಲಿಲ್ಲ. ಲಕ್ಷ್ಮೇಶ್ವರದಲ್ಲೇ ಇಳಿದು, ಕಾಕಿ ಮಾಡಿದ ಅಡಿಗೆಯನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡು ಉಂಡರು. ನಿಶ್ಚಿತಾರ್ಥದ ದಿನವೂ ಅಲ್ಲೇ ನಿಗದಿಯಾಯಿತು. ಸುಮಾಳಿಗೆ ಫೋನ್ ಮಾಡಿ ಹೇಳಿದಾಗ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಇಬ್ಬರು ಹಿರಿಯರೂ ಮಾತಾಡಿಕೊಂಡು ಇನ್ನೊಂದು ತೀರ್ಮಾನಕ್ಕೂ ಬಂದಿದ್ದರು: ಇಷ್ಟೆಲ್ಲ ಆದದ್ದು ಶಂಕರ ಇಂಗ್ಲಿಷನ್ನು ತಪ್ಪು ಹೇಳಿದ್ದರಿಂದ. ನಾನು ಒಪ್ಪಿಕೊಂಡೆ. ಒಂದು ಮದುವೆಯ ಮುಂದೆ ನನ್ನ ಇಂಗ್ಲಿಷಿನ ಮರ್ಯಾದೆ ದೊಡ್ಡದಲ್ಲ. ಇನ್ನು ಮೇಲೆ ಮದ್ದಿನ ವಿಷಯಕ್ಕೆ ಬಾಯಿ ತೆರೆಯುವುದಿಲ್ಲ ಎಂದು ಪುಷ್ಪಾಳಿಗೆ ಮಾತನ್ನೂ ಕೊಟ್ಟೆ.

ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಉಂಗುರ ಹಾಕಿದ ಮೇಲೆ ವೀರೇಶ ನನ್ನ ಹತ್ತಿರ ಬಂದು, ನಾಚಿಕೊಂಡು, "ಸರ್, ಎಲ್ಲಾ ಓದಿದವರು ನೀವು. ಖರೇನ ಹೇಳ್ರಿ, ಸೀಸದ ಗುಂಡಿಗೆ ಯಾವುದು ಛಲೋ?" ಎಂದು ಕೇಳಿದ. ಹುಡುಗ ಸುಮ್ಮನೆ ಮಾತಿಗೆಂದು ಕೇಳಿರಬೇಕು. ಆದರೆ ಅಲ್ಲಿಯತನಕ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಕಾಕಾನಿಗೆ ಹೇಳಲೆಂದು ಆ ಗಡ್ಡದವನ ಎಲ್ಲ ವಿಡಿಯೋಗಳನ್ನೂ ನೋಡಿದ್ದೆ, ಕೆಲವನ್ನು ಕಾಕಾ ಹೇಳದಿದ್ದರೂ ನೋಡಿದ್ದೆ. ನನಗೂ ನನ್ನದೊಂದು ಸಿದ್ಧಾಂತ ಹುಟ್ಟಿತ್ತು, ಅದು ಸಣ್ಣದಕ್ಕೂ ದಪ್ಪದಕ್ಕೂ ನಡುವಿನದು. ಶುರು ಮಾಡಿದೆ. ಎಲ್ಲರೂ ಫೋಟೋಕ್ಕೆ ನಿಂತರು, ನಾನೂ ಮಾತಾಡುತ್ತಲೇ ಹೋಗಿ ಹುಡುಗನ ಪಕ್ಕ ನಿಂತೆ. ಫೋಟೋದವನು ಏನೋ ಹೇಳಿದನಂತೆ, ನನಗೆ ಕೇಳಿಸಲಿಲ್ಲ.

ಈಗ ಆ ಫೋಟೋಕ್ಕೆ ಕಟ್ಟು ಹಾಕಿಸಿ ಕಾಕಾ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಎಲ್ಲರೂ ನಗುತ್ತ ನೇರವಾಗಿ ನೋಡುತ್ತಿದ್ದಾರೆ. ನಾನೊಬ್ಬ ಬಾಯಿ ತೆರೆದು, ಎರಡೂ ಕೈ ಅಗಲಿಸಿ ಮದುಮಗನಿಗೆ ಸ್ಫೋಟ ತೋರಿಸುತ್ತಿದ್ದೇನೆ. ಮೊನ್ನೆ ಹೋದಾಗ ಯಾರೋ ಹೊಸ ಅತಿಥಿಗಳು ಇವರ್ಯಾರು ಎಂದು ಕೇಳಿದರು. ನಾನು ಒಳಗೆ ಕೈ ತೊಳೆಯುತ್ತಿದ್ದೆ, ಕಾಕಾ ದನಿ ತಗ್ಗಿಸಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಮ್ಮ ಅಣ್ಣನ ಮಗಾ ರೀ. ಮಾಸ್ತರ ಅದಾನ, ಮನಷ್ಯಾ ಭಾಳ ಒಳ್ಳೇಂವ. ಮದ್ದಿನ ಹುಚ್ಚು ಒಂದ ಐತಿ. ಅವನ ಮುಂದ ಆ ಮಾತು ತಗೀಬ್ಯಾಡ್ರಿ, ನಾನೂ ಗೌಡ್ರೂ ಸುದ್ದಾ ತಗಿಯೂದಿಲ್ಲ."