ಕುರಿಯ ಹೆದರಿಕೆ ತಿಂದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ನನ್ನ ಪ್ರಾಕ್ಟಿಕಲ್ಲನ್ನೇ ಒಗ್ಗರಣೆ ಹಾಕಿ ತಿಂದವಳು ಎಂದರೆ ನೀವು ನಂಬಲಿಕ್ಕಿಲ್ಲ.

ನಾನು ಸಿರುಗುಪ್ಪ ಕಡೆಯ ಸಿರಿಗೇರಿಯವಳು. ಬಳ್ಳಾರಿಯಲ್ಲಿ ಬಿಎಸ್ಸಿಗೆ ನ್ಯೂರೋಸೈನ್ಸ್ ತೆಗೆದುಕೊಂಡಾಗ ಗಾಂಧಿನಗರದಲ್ಲಿದ್ದ ಅಮ್ಮನ ತಂಗಿಯ ಮನೆಯಲ್ಲಿ ಉಳಿದೆ. ಚಿಕ್ಕಪ್ಪ ಲಾರಿಯ ಮೇಲೆ ಊರೂರು ತಿರುಗುವವರು. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ನಾವಿಬ್ಬರೇ. ಚಿಕ್ಕಮ್ಮನಿಗೆ ಹೆದರಿಕೆಯಾಗದ ವಸ್ತು ಲೋಕದಲ್ಲಿ ಇನ್ನೂ ಹುಟ್ಟಿಲ್ಲ. ಕುಕ್ಕರ್ ಸೀಟಿ ಹಾಕುವ ಹೊತ್ತಿಗೆ ಆಕೆ ಅಂಗಳದಲ್ಲಿರುತ್ತಾಳೆ.

"ಏನು ಓದ್ತೀಯವ್ವಾ?" ಎಂದು ಮೊದಲ ದಿನ ಕೇಳಿದಳು.

"ಮಿದುಳು ಓದ್ತೀನಿ ಚಿಗವ್ವ."

"ಯಾರ್ದು?"

ಉತ್ತರಕ್ಕೆ ಕಾಯಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಒಮ್ಮೆ ಮೇಷ್ಟ್ರು ಪ್ರಾಕ್ಟಿಕಲ್‌ಗೆ ಕುರಿಯ ಮಿದುಳು ತರಲು ಹೇಳಿದರು. ಕೌಲ್ ಬಜಾರಿನ ಮಟನ್ ಅಂಗಡಿಯಿಂದ ತಂದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಸ್ನಾನ ಮುಗಿಸಿ ಬಂದರೆ ಮನೆ ತುಂಬ ಬೆಳ್ಳುಳ್ಳಿ, ಮೆಣಸಿನ ಘಮ.

"ಭೇಜಾ ತಂದಾಕಿ ಹೇಳಬಾರದೇನು? ಕೆಟ್ಟು ಹೋಗ್ತಿತ್ತು," ಎಂದಳು ಚಿಕ್ಕಮ್ಮ ಬಾಯಿ ಒರೆಸಿಕೊಳ್ಳುತ್ತ.

ನನಗೆ ಸಿಟ್ಟು ನೆತ್ತಿಗೇರಿತು. "ಹೆದರಿಕಿ ಹುಟ್ಟೋ ಜಾಗಾನೂ ಅದರಾಗ ಇತ್ತು. ಬಾದಾಮಿ ಬೀಜದಂಗ ಇರ್ತೈತಿ. ಅದನ್ನೂ ತಿಂದಿ ನೀನು," ಎಂದೆ.

ಚಿಕ್ಕಮ್ಮ ತಟ್ಟೆ ಕೆಳಗಿಟ್ಟಳು. "ಕೊಯ್ಯಾಕ ಒಯ್ಯೋ ಮುಂದ ಅದು ಹೆದರಿರ್ತೈತಲ್ಲ. ಆ ಹೆದರಿಕಿ ಈಗ ಎಲ್ಲಿ ಹೋತು?"

ಅಂದಿನಿಂದ ಓಣಿಯಲ್ಲಿ ಚಾಕು ಸಾಣೆ ಹಿಡಿಯುವವನ ಕೂಗು ಕೇಳಿದರೆ ಸಾಕು, ಆಕೆ ಕದಕ್ಕೆ ಚಿಲಕ ಹಾಕುತ್ತಿದ್ದಳು.

ನನ್ನ ಸರದಿ ಬಂದದ್ದು ನರರೋಗಗಳ ಪಾಠ ಶುರುವಾದಾಗ. ಓದಿದ ರೋಗವೆಲ್ಲ ನನಗೇ ಇದೆ ಅನ್ನಿಸತೊಡಗಿತು. ಕಣ್ಣು ಅದುರಿದರೆ ಊರವರಿಗೆ ಶಕುನ, ನನಗೆ ಒಂದು ಅಧ್ಯಾಯ. ಬರುಬರುತ್ತ ಚಿಕ್ಕಮ್ಮನಿಗಿಂತ ನಾನೇ ಹೆಚ್ಚು ಹೆದರುಪುಕ್ಕಲಿಯಾದೆ.

ಹೀಗಿರುವಾಗ ಕುರುಗೋಡಿನಲ್ಲಿ ನೆಂಟರ ಮದುವೆಯ ಊಟ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆವು. ಚಿಕ್ಕಮ್ಮ ಎಂದಿನಂತೆ ಅಡುಗೆಯ ತಪ್ಪು ಹುಡುಕುತ್ತಿದ್ದಳು. "ಹುಗ್ಗಿಗೆ ಬೆಲ್ಲ..." ಎಂದವಳ ಮಾತು ಅಲ್ಲಿಗೇ ನಿಂತಿತು. ಕಣ್ಣು ತೆರೆದೇ ಇತ್ತು, ನೋಟ ಎಲ್ಲೂ ಇರಲಿಲ್ಲ. ಬಾಯಿ ಏನನ್ನೋ ಜಗಿಯುವಂತೆ ಆಡುತ್ತಿತ್ತು. ಬೆರಳು ಸೆರಗಿನ ಅಂಚನ್ನು ಕೀಳುತ್ತಿತ್ತು. ಕೂಗಿದೆ, ಭುಜ ಹಿಡಿದು ಅಲುಗಿಸಿದೆ. ಓಗೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ನನ್ನತ್ತ ತಿರುಗಿ, "ಕಡಿಮಿ ಆಗಿತ್ತು," ಎಂದಳು.

ನಡುವೆ ಏನಾಯಿತೆಂಬುದು ಆಕೆಗೆ ಗೊತ್ತೇ ಇಲ್ಲ. ನನಗೆ ಗೊತ್ತಿತ್ತು. ಆ ವಾರವಷ್ಟೇ ಅದನ್ನು ಓದಿದ್ದೆ. ಮೂರ್ಛೆರೋಗದಲ್ಲಿ ಇದೂ ಒಂದು ಬಗೆ. ಕಾರಣಗಳ ಸಾಲಿನಲ್ಲಿ ಗಡ್ಡೆ ಎಂಬ ಮಾತೂ ಇತ್ತು. ಬಳ್ಳಾರಿ ಮುಟ್ಟುವವರೆಗೆ ನನ್ನ ತಲೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಡಾಕ್ಟರು ತಲೆಯ ಎಂಆರ್‌ಐ ಮಾಡಿಸಲು ಹೇಳಿದರು. ಚಿಕ್ಕಮ್ಮ ಬಿಲ್‌ಕುಲ್ ಒಪ್ಪಲಿಲ್ಲ.

"ಮನಸ್ನ್ಯಾಗ ಅಂದಿದ್ದೆಲ್ಲ ಫೋಟೋದಾಗ ಬೀಳ್ತೈತೇನು?"

"ಇಲ್ಲ ಚಿಗವ್ವ."

"ಖರೇನ ಹೇಳು. ಆ ಫೋಟೋ ನಿಮ್ಮ ಚಿಕ್ಕಪ್ಪಗ ತೋರಿಸ್ತಾರೇನು?"

ತೋರಿಸಿದರೂ ಏನೂ ತಿಳಿಯುವುದಿಲ್ಲ ಎಂದು ಆಣೆ ಮಾಡಿದ ಮೇಲೆ ಹೊರಟಳು. ಅಲ್ಲಿ ತಾಳಿ, ಕಾಲುಂಗುರ ಎಲ್ಲ ಬಿಚ್ಚಿಸಿದರು. ಜೊತೆಗೆ ಕೂರಲು ನನ್ನನ್ನು ಒಳಗೆ ಬಿಟ್ಟರು. ಚಿಕ್ಕಮ್ಮನ ತಲೆ ಯಂತ್ರದ ಕೊಳವೆಯೊಳಗೆ ಹೋಯಿತು, ನನ್ನ ಕಡೆಗೆ ಉಳಿದದ್ದು ಎರಡು ಪಾದ. ಬಂಡೆ ಒಡೆದಂಥ ಸದ್ದು ಶುರುವಾಯಿತು. ನಾನು ಎರಡೂ ಪಾದ ಹಿಡಿದು ಕೂತೆ.

ಅಷ್ಟರಲ್ಲಿ ಆಕೆಯ ಕಾಲಿನ ಹೆಬ್ಬೆರಳು ನನ್ನ ಅಂಗೈಯನ್ನು ಒತ್ತಿತು. ನಿಂತಿತು. ಮತ್ತೆ ಒತ್ತಿತು. ಒಳಗೆ ಮೂರ್ಛೆ ಶುರುವಾಯಿತೇ? ಗಾಜಿನಾಚೆ ಇದ್ದವರು ಪರದೆ ನೋಡುತ್ತಿದ್ದರು. ಕೂಗಿದೆ, ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಬೆರಳು ಮಾತ್ರ ಸದ್ದು ನಿಲ್ಲುವವರೆಗೂ ನನ್ನ ಅಂಗೈಯನ್ನು ಬಿಡಲಿಲ್ಲ.

ರಿಪೋರ್ಟ್ ನೋಡಿದ ಡಾಕ್ಟರು, "ಗಡ್ಡೆ ಏನಿಲ್ಲಮ್ಮ. ಹಳೇದೊಂದು ಸಣ್ಣ ಕಲೆ ಇದೆ. ಕೆಲವು ವರ್ಷ ಮಾತ್ರೆ ತಪ್ಪಿಸಬಾರದು," ಎಂದರು. ನನಗೆ ಅಲ್ಲೇ ಅಳು ಬಂತು. ಚಿಕ್ಕಮ್ಮ ಮಾತ್ರೆ ಊಟಕ್ಕೆ ಮುಂಚೆಯೋ ನಂತರವೋ ಎಂದು ಕೇಳುತ್ತಿದ್ದಳು.

ಆಟೋದಲ್ಲಿ ಕೂತ ಮೇಲೆ ಕೇಳಿದೆ. "ಒಳಗ ಕಾಲು ಯಾಕ ಅಲುಗಾಡಿಸಿದಿ ಚಿಗವ್ವ? ನನ್ನ ಜೀವಾನ ಹೋಗಿತ್ತು."

"ತಲಿ ಅಲುಗಾಡಿಸಬ್ಯಾಡ ಅಂದಿದ್ರು. ಬೆರಳಿಗೆ ಏನೂ ಅಂದಿರ್ಲಿಲ್ಲ," ಎಂದಳು. ಕಾಲುಂಗುರ ತೊಡುತ್ತ ತಲೆ ಎತ್ತದೆಯೇ ಹೇಳಿದಳು: "ನಿನ್ನ ಕೈ ನಡಗಾಕ್ಹತ್ತಿತ್ತು. ಹೆದರಬ್ಯಾಡವ್ವಾ, ನಾನು ಇಲ್ಲೇ ಅದೀನಿ ಅನ್ನಬೇಕಿತ್ತು. ಆ ಸದ್ದಿನ್ಯಾಗ ಬಾಯಿಲೆ ಅಂದ್ರ ನಿನಗ ಎಲ್ಲಿ ಕೇಳ್ತೈತಿ? ಅದಕ್ಕ ಕಾಲಿಲೆ ಅಂದೆ."